ರಾಣಿಯ ಮುಖಕ್ಕೆ ತೆಂಗಿನೆಣ್ಣೆ

ಮಳೆಗಾಲದಲ್ಲಿ ನಮ್ಮ ಮನೆಗೆ ಮೊದಲ ಸಲ ಬಂದವರು ನಡುಮನೆಯ ಕಬ್ಬಿಣದ ಕಪಾಟನ್ನು ನೋಡಿ ಒಂದು ಕ್ಷಣ ನಿಲ್ಲುತ್ತಾರೆ. ಅದರ ಬಾಗಿಲ ಸಂದಿಯಿಂದ ಹಗಲೂ ರಾತ್ರಿ ಬೆಳಕು ಸೋರುತ್ತಿರುತ್ತದೆ. ಘಟ್ಟದ ಮೇಲಿನಿಂದ ವರ್ಗವಾಗಿ ನಮ್ಮ ಶಾಲೆಗೆ ಬಂದ ಮಾಸ್ತರೊಬ್ಬರು ಒಳಗೆ ದೇವರಿದ್ದಾನೆಂದು ತಿಳಿದು ಕೈಮುಗಿದದ್ದೂ ಆಗಿತ್ತು. ಒಳಗಿದ್ದದ್ದು ಅತ್ತೆಯ ರೇಷ್ಮೆ ಸೀರೆಗಳು, ನಮ್ಮನೆಯವರ ಮದುವೆಯ ಕೋಟು, ನನ್ನ ಅಂಚೆಚೀಟಿಯ ಆಲ್ಬಂ, ಮತ್ತು ಇವಕ್ಕೆಲ್ಲ ಬೂಷ್ಟು ಹಿಡಿಯದಿರಲಿ ಎಂದು ತಂತಿಗೆ ಜೋತುಬಿಟ್ಟ ಒಂದು ಹಳದಿ ಬಲ್ಬು. ಅವರಿಗೆ ನಿಜ ಹೇಳಿ ಬೇಸರ ಮಾಡುವುದು ಬೇಡವೆಂದು ಅತ್ತೆ ಪ್ರಸಾದದಂತೆ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಹೊನ್ನಾವರದ ಮಳೆ ಕಂಡವರಿಗೆ ಈ ಬಲ್ಬಿನ ಬೆಲೆ ಗೊತ್ತು. ಸುರಿಯುವ ನೀರಿನಲ್ಲಿ ಅರ್ಧ ಶರಾವತಿಗೆ ಹೋಗುತ್ತದೆ, ಉಳಿದರ್ಧ ಗಾಳಿಯಲ್ಲಿ ಬೆರೆತು ಮನೆಯೊಳಗೆ ಬಂದು ಕೂರುತ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ, ಚಪ್ಪಲಿಯ ಮೇಲೆ ಹಸಿರು ಬೆಳೆಯುತ್ತದೆ, ಬೆಂಕಿಪೊಟ್ಟಣ ಗೀರಿದರೆ ಕಡ್ಡಿಯ ತಲೆಯೇ ಕಳಚಿ ಬೀಳುತ್ತದೆ. ಇಂಥ ಮನೆಯಲ್ಲಿ ಬೆಚ್ಚಗೆ ಇರುತ್ತಿದ್ದುದು ಕಪಾಟಿನ ಒಳಗು ಮಾತ್ರ. ಕೆಲವು ಸಲ ಪರೀಕ್ಷೆಯ ಪೇಪರು ತಿದ್ದುವಾಗ ನಾನೇ ಅದರ ಬಾಗಿಲು ಅರ್ಧ ತೆರೆದು ಬೆನ್ನು ಕಾಯಿಸಿಕೊಂಡದ್ದುಂಟು.

ಆ ಬಲ್ಬು ಹೋದ ಮಳೆಗಾಲದಲ್ಲಿ ಸುಟ್ಟುಹೋಯಿತು. ನಮ್ಮನೆಯವರು ಬಂದರಿನ ಹತ್ತಿರ ಬಲೆ, ಹಗ್ಗ ಮಾರುವ ಅಂಗಡಿ ಇಟ್ಟವರು, ಹೊಸ ಮಾಲು ಎಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಸಂಜೆ ಒಂದು ಎಲ್‌ಇಡಿ ಬಲ್ಬು ತಂದು ಸಿಕ್ಕಿಸಿ, “ಹಳೇ ನಮೂನೆದು ಈಗ ಯಾರೂ ಇಡೂದಿಲ್ಲ ಮಾರಾಯ್ತಿ. ಇದು ಬೆಳಕು ಜಾಸ್ತಿ, ಕರೆಂಟು ಕಮ್ಮಿ. ಮುಟ್ಟಿ ನೋಡು, ಬಿಸಿನೇ ಆಗೂದಿಲ್ಲ” ಎಂದು ಹೆಮ್ಮೆಪಟ್ಟರು. ನಾನೂ ಮುಟ್ಟಿ ನೋಡಿ, ಹೌದಲ್ಲ ಎಂದು ತಲೆದೂಗಿದೆ. ಬಿಸಿಯಾಗಲೆಂದೇ ಅದನ್ನು ಅಲ್ಲಿ ಇಡುತ್ತಿದ್ದೆವು ಎನ್ನುವುದು ಓದಿದ ನನಗೂ ಹೊಳೆಯಲಿಲ್ಲ, ವ್ಯಾಪಾರ ಬಲ್ಲ ಅವರಿಗೂ ಹೊಳೆಯಲಿಲ್ಲ. ಆ ಬೆಳ್ಳಗಿನ ಬೆಳಕಿನಲ್ಲಿ ಬೂಷ್ಟು ಆರಾಮವಾಗಿ ಕಣ್ಣುಬಿಟ್ಟು ಬೆಳೆಯಿತು.

ಅದಿರಲಿ. ಮೊದಲು ನನ್ನ ಅಂಚೆಚೀಟಿಯ ಹುಚ್ಚಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಬೂಷ್ಟಿನ ಸಂಕಟ ನಿಮಗೆ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಭಟ್ಕಳದ ಹತ್ತಿರದ ಬೆಳಕೆಯಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದರು, ಅವ್ವ ಭಟ್ಕಳದ ಕೇರಿಗಳಲ್ಲಿ ಮೀನು ಮಾರುತ್ತಿದ್ದಳು. ಅವಳಿಂದ ಮೀನು ಕೊಳ್ಳುವ ಮನೆಗಳಿಗೆ ದುಬೈ, ಮಸ್ಕತ್, ಸೌದಿಯಿಂದ ಕಾಗದಗಳು ಬರುತ್ತಿದ್ದವು. ಅವ್ವ ಎರಡು ಬಂಗಡೆ ಹೆಚ್ಚಿಗೆ ಹಾಕಿ ಖಾಲಿ ಲಕೋಟೆ ಇಸಿದುಕೊಂಡು ಬುಟ್ಟಿಯ ತಳದಲ್ಲಿ ಇಟ್ಟು ತರುತ್ತಿದ್ದಳು. ಹಾಗಾಗಿ ನನ್ನ ಪಾಲಿಗೆ ಅರಬ್ ದೇಶಗಳೆಲ್ಲ ಸಿಗಡಿಯ ವಾಸನೆ ಹೊಡೆಯುವ ದೇಶಗಳು. ದೊಡ್ಡವಳಾದ ಮೇಲೆ ಯಾರಾದರೂ ದುಬೈಯ ವೈಭವ ವರ್ಣಿಸಿದರೆ ಈಗಲೂ ನನ್ನ ಮೂಗಿಗೆ ಮೊದಲು ಬರುವುದು ಆ ಬುಟ್ಟಿ.

ಲಕೋಟೆಯನ್ನು ನೀರಿನಲ್ಲಿ ನೆನೆಸಿ, ಚೀಟಿ ಬಿಟ್ಟುಕೊಂಡ ಮೇಲೆ ಸ್ಟೀಲ್ ತಾಟಿನ ಬೆನ್ನಿಗೆ ಅಂಟಿಸಿ ಅಂಗಳದಲ್ಲಿ ಒಣಗಿಸುತ್ತಿದ್ದೆ. ಪಕ್ಕದ ಚಾಪೆಯಲ್ಲಿ ಅವ್ವನ ಮೀನು ಒಣಗುತ್ತಿತ್ತು. ಎರಡಕ್ಕೂ ಕಾಗೆ ಕಾಯುವ ಕೆಲಸ ನನ್ನದೇ. ಒಮ್ಮೆ ಒಂದು ಕಾಗೆ ಮೀನು ಬಿಟ್ಟು ತಲೆಗೆ ಮುಂಡಾಸು ಸುತ್ತಿದ ಯಾರೋ ಸುಲ್ತಾನನನ್ನು ಎತ್ತಿಕೊಂಡು ಹೋಯಿತು. ನಾನು ಅಂಗಳದಲ್ಲಿ ಬಿದ್ದು ಹೊರಳಾಡಿ ಗೋಳಾಡಿದೆ. ಅವ್ವ, “ಥೂ ಹುಚ್ಚಿ, ಮೀನು ಉಳೀತಲ್ಲೆ, ಪುಣ್ಯ!” ಎಂದು ಕಾಗೆಯನ್ನೇ ಹೊಗಳಿದಳು. ಒಣಗಿದ ಚೀಟಿಗಳನ್ನು ಅನ್ನದ ಅಗುಳು ಹಿಸುಕಿ ಪುಸ್ತಕಕ್ಕೆ ಮೆತ್ತುತ್ತಿದ್ದೆ. ದೊಡ್ಡದಿದ್ದು ಬಣ್ಣ ಜಾಸ್ತಿ ಇದ್ದರೆ ಒಳ್ಳೆಯ ಚೀಟಿ, ಸಣ್ಣದಿದ್ದು ಮಾಸಿದ್ದರೆ ಕೆಟ್ಟ ಚೀಟಿ, ಇಷ್ಟೇ ನನ್ನ ಶಾಸ್ತ್ರ.

ಈ ಶಾಸ್ತ್ರವನ್ನು ನುಚ್ಚುನೂರು ಮಾಡಿದವರು ಭಟ್ಕಳದ ಹುಸೇನ್ ಸಾಹೇಬರು. ಬಹಳ ವರ್ಷ ಕೊಲ್ಲಿಯಲ್ಲಿ ವ್ಯಾಪಾರ ಮಾಡಿ, ಊರಿಗೆ ಮರಳಿ, ಈಗ ಭೂತಗನ್ನಡಿ ಹಿಡಿದು ಕೂತಿರುವ ಬಿಳಿಗಡ್ಡದ ಮನುಷ್ಯ. ಕುಮಟೆಯಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳೆಲ್ಲ ಸೇರಿ ಒಂದು ಶಾಲೆಯ ಸಭಾಂಗಣದಲ್ಲಿ ನಾಣ್ಯ, ಚೀಟಿ, ಶಂಖ, ಕಪ್ಪೆಚಿಪ್ಪು ಎಲ್ಲ ಇಟ್ಟು ತೋರಿಸುವ ಪದ್ಧತಿ ಇದೆ. ಅದರಲ್ಲಿ ಚೀಟಿಗಳಿಗೆ ಗಾಜಿನ ಚೌಕಟ್ಟು. ಯಾವ ಚೀಟಿ ಚೌಕಟ್ಟಿನೊಳಗೆ ಹೋಗಬೇಕು, ಯಾವುದು ಮನೆಗೆ ವಾಪಸು ಹೋಗಬೇಕು ಎಂದು ಹೇಳುವವರು ಇದೇ ಸಾಹೇಬರು. ಅವರ ಮಾತಿಗೆ ಎದುರಿಲ್ಲ.

ಮೊದಲ ಸಲ ಆಲ್ಬಂ ಹಿಡಿದು ಅವರೆದುರು ಹೋದಾಗ ನನಗೆ ಹೆಣ್ಣು ತೋರಿಸಲು ಹೋದ ತಾಯಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸಾಹೇಬರು ಒಂದು ಬಣ್ಣದ ಚೀಟಿಯನ್ನು ಚಿಮಟದಿಂದ ಎತ್ತಿ, ಮುಖವನ್ನು ಕಣ್ಣೆತ್ತಿಯೂ ನೋಡದೆ ತಿರುವಿ ಹಾಕಿದರು.

“ಮುಖ ಆಮೇಲೆ ಅಕ್ಕೋರೇ. ಮೊದ್ಲು ಬೆನ್ನು ನೋಡುವಾ. ಇದೆಂತ ಅಂಟಿಕೊಂಡದ್ದು?”

“ಅನ್ನ” ಎಂದೆ, ಸಣ್ಣ ದನಿಯಲ್ಲಿ.

“ಬೆಳ್ತಿಗೆಯೋ, ಕುಚ್ಚಲಕ್ಕಿಯೋ?”

ಅವರು ನಗಲಿಲ್ಲ, ಅದೇ ಕಷ್ಟ. ಕುಚ್ಚಲಕ್ಕಿ ಎಂದು ನಿಜ ಹೇಳಿದೆ. ಅದರ ಗಂಜಿ ಒಮ್ಮೆ ಹಿಡಿದರೆ ಕಾಗದದ ಚರ್ಮ ಕಿತ್ತುಕೊಂಡೇ ಬರುತ್ತದೆ, ಬೆನ್ನು ತೆಳ್ಳಗಾದ ಚೀಟಿಗೆ ಮುಖ ಎಷ್ಟು ಚೆಂದವಿದ್ದರೂ ಬೆಲೆ ಇಲ್ಲ ಎಂದು ಅವರು ಬಿಡಿಸಿ ಹೇಳಿ ಆಲ್ಬಂ ಮುಚ್ಚಿ ಕೊಟ್ಟರು.

ಮರುವರ್ಷ ಅನ್ನ ಬಿಟ್ಟು ಸರಿಯಾದ ಅಂಟುಪಟ್ಟಿ ತರಿಸಿ ಹಚ್ಚಿಕೊಂಡು ಹೋದೆ. ಆದರೆ ಚೀಟಿಗಳ ಅಂಚಿನ ಹಲ್ಲುಗಳು ಒಂದು ಉದ್ದ ಒಂದು ಗಿಡ್ಡ ಇದ್ದವು. ಶಾಲೆಯಲ್ಲಿ ಕಲಿಸುವ ಅಕ್ಕೋರ ಕೈ ನೋಡಿ, ಸೊಟ್ಟ ಇದ್ದದ್ದನ್ನು ಸುಮ್ಮನೆ ಬಿಡುವುದಿಲ್ಲ. ಕತ್ತರಿ ತೆಗೆದು ಎಲ್ಲವನ್ನೂ ನೀಟಾಗಿ ಸಮ ಮಾಡಿದ್ದೆ. ಸಾಹೇಬರು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು. “ಯಾ ಅಲ್ಲಾ! ಹಲ್ಲು ಎಲ್ಲ ಕಿತ್ತು ಬೊಚ್ಚುಬಾಯಿ ಮಾಡಿ ತಂದ್ರಲ್ಲ ಅಕ್ಕೋರೇ!” ಆ ಸಲ ಅವರಿಗೆ ನೀರು ಕೊಡಬೇಕಾಯಿತು.

ಆದರೆ ಬೈದರೂ ಕಲಿಸದೆ ಬಿಡುವವರಲ್ಲ. ಅಂಚೆಯ ಶಿಕ್ಕೆ, ಅಂದರೆ ಮುದ್ರೆ, ಮುಖದ ತುಂಬ ಮಸಿಯ ಉಂಡೆಯಾಗಿ ಕೂತರೆ ಚೀಟಿಯ ಮಾನ ಹೋಯಿತು, ಅದೇ ಶಿಕ್ಕೆ ಹಗುರವಾಗಿ ಬಿದ್ದು ಊರಿನ ಹೆಸರು ಓದಲು ಬಂದರೆ ಮಾನ ಹೆಚ್ಚಿತು. ಹೀಗೆ ಒಂದೇ ಮಸಿ ಒಂದು ಕಡೆ ಕಲೆ, ಇನ್ನೊಂದು ಕಡೆ ಕುಂಕುಮ. ಕಂದು ಚುಕ್ಕೆ ಬಂದರೆ ಚೀಟಿಗೆ ರೋಗ ಹಿಡಿದಂತೆ. ಕೆಲವು ಹಳೆಯ ಚೀಟಿಗಳ ಕಾಗದದ ಒಳಗೇ ಒಂದು ಚಿತ್ರ ಅಡಗಿರುತ್ತದೆ, ಅದಕ್ಕೆ ವಾಟರ್‌ಮಾರ್ಕ್ ಎನ್ನುತ್ತಾರೆ, ಅದು ನೋಟಿನಲ್ಲಿ ಕಾಣುವಷ್ಟು ಸುಲಭವಾಗಿ ಕಾಣುವುದಿಲ್ಲ. ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬರುವಾಗ ಎದುರಿನ ಸೀಟಿನವರ ಹಲ್ಲು ಎಣಿಸುವ ಹಾಗಾಗುತ್ತಿತ್ತು.

ನನಗೆ ದುಡ್ಡಿನ ಆಸೆ ಇರಲಿಲ್ಲ. ಕುಮಟೆಯ ಆ ಗಾಜಿನ ಚೌಕಟ್ಟಿನೊಳಗೆ ನನ್ನದೊಂದು ಚೀಟಿ ಕೂರಬೇಕು, ಕೆಳಗೆ ನನ್ನ ಹೆಸರು ಇರಬೇಕು. ಅವ್ವನ ಮೀನುಬುಟ್ಟಿಯ ತಳದಲ್ಲಿ ಬಂದ ನನ್ನ ಹುಚ್ಚು ಒಂದು ಸಲವಾದರೂ ಗಾಜಿನ ಹಿಂದೆ ಮರ್ಯಾದೆಯಿಂದ ನಿಲ್ಲಬೇಕು. ಇದು ಎಷ್ಟು ಬೇಕಾಗಿತ್ತೆಂದರೆ ಯಾರಿಗೂ ಹೇಳಲು ನಾಚಿಕೆಯಾಗುತ್ತಿತ್ತು.

ದಾರಿ ತೋರಿಸಿದವರು ಅತ್ತೆಯೇ. ಅತ್ತೆಯ ತವರು ಕುಮಟೆ. ಅರಳೆ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಅವರ ಅಜ್ಜನ ಅಪ್ಪ ಬಂದರಿನಲ್ಲಿ ಗುಮಾಸ್ತೆಯಾಗಿದ್ದರಂತೆ. ತವರಿನಿಂದ ಬಂದ ತಗಡಿನ ಪೆಟ್ಟಿಗೆಯನ್ನು ಅತ್ತೆ ಒಂದು ದಿನ ಒರೆಸುವಾಗ ತಳಕ್ಕೆ ಹಾಸಿದ್ದ ಚೂರುಪಾರು ಕಾಗದದಲ್ಲಿ ಏನೋ ನೀಲಿಯಾಗಿ ಕಂಡಿತು. “ತಂಗೀ, ಇಲ್ಲೊಬ್ಳು ಬಿಳಿ ಹೆಂಗಸಿನ ಪಟ ಇತ್ತು. ನಿಂಗೆ ಬೇಕೇನೆ?” ಎಂದು ಕರೆದರು.

ಹೋಗಿ ನೋಡಿದರೆ ವಿಕ್ಟೋರಿಯಾ ರಾಣಿ. ಅರ್ಧ ಆಣೆಯ ಚೀಟಿ. ಹಲ್ಲುಗಳು ಎಲ್ಲವೂ ಇದ್ದವು. ರಾಣಿಯ ಕೆನ್ನೆಗೆ ತಾಗಿದ ಹಾಗೆ ಹಗುರವಾಗಿ ಬಿದ್ದ ಶಿಕ್ಕೆಯಲ್ಲಿ ಕುಮಟೆಯ ಹೆಸರು ಇಂಗ್ಲಿಷಿನಲ್ಲಿ ಅರ್ಧಕ್ಕೂ ಹೆಚ್ಚು ಓದಲು ಬರುತ್ತಿತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅತ್ತೆ ಮಾತ್ರ, “ಪಾಪ, ಮೋರೆಗೆ ಮಸಿ ಬಳ್ದಾರೆ. ಒದ್ದೆ ಬಟ್ಟೆಲಿ ಒರೆಸಿ ಕೊಡ್ಲಾ?” ಎಂದರು. ನಾನು ಕಿರುಚಿದ ರಭಸಕ್ಕೆ ಅವರು ಪೆಟ್ಟಿಗೆಯ ಮುಚ್ಚಳ ಕೈಬಿಟ್ಟರು.

ಫೋಟೋ ತೆಗೆದು ಸಾಹೇಬರಿಗೆ ಕಳಿಸಿದೆ. ತಕ್ಷಣ ಫೋನು ಬಂತು. “ಅಕ್ಕೋರೇ, ಅನ್ನ ತಾಗಿಸಬೇಡಿ. ಕತ್ತರಿ ಮುಟ್ಟಬೇಡಿ. ಇದ್ರೊಳಗೆ ಆನೆ ತಲೆಯ ವಾಟರ್‌ಮಾರ್ಕ್ ಇರ್ಬೇಕು. ಅದನ್ನ ನೋಡೂಕೆ ನನ್ಹತ್ರ ಒಂದು ಔಷಧ ಉಂಟು. ಒಂದು ತೊಟ್ಟು ಬಿಟ್ರೆ ಆನೆ ಕಾಣ್ತದೆ, ಗಳಿಗೆಯಲ್ಲಿ ಆರಿಹೋಗ್ತದೆ, ಚೀಟಿಗೆ ಏನೂ ಆಗೂದಿಲ್ಲ. ಕುಮಟೆಗೆ ತರ್ತೇನೆ. ಅಲ್ಲೀವರೆಗೆ ಹಾಗೇ ಇಡಿ.” ಆನೆ ಇದೆಯೆಂದು ಕೇಳಿ ಅತ್ತೆಯೂ ಚೀಟಿಯನ್ನು ಕಿಟಕಿಗೆ ಹಿಡಿದು ನೋಡಿದರು, ನಾನೂ ನೋಡಿದೆ. ಕಾಗದ ಮಾಸಿದ್ದರಿಂದ ಆನೆಯೂ ಇಲ್ಲ, ಇರುವೆಯೂ ಇಲ್ಲ. ಹಾಗೇ ಇಡಿ ಎಂದಿದ್ದರಲ್ಲ, ಕಪಾಟಿನೊಳಗೆ ಇಟ್ಟೆ. ಅಲ್ಲಿ ಆ ಹೊಸ ಬಲ್ಬು ಇತ್ತು.

ಚೌತಿ ಕಳೆದು ಬಿಸಿಲು ಬಿದ್ದ ಒಂದು ದಿನ ಶಾಲೆಯಿಂದ ಬಂದೆ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಸುತ್ತ ಕಪಾಟಿನ ಸಾಮಾನು, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ನಮ್ಮ ಕಡೆಯ ಹೆಂಗಸರಿಗೆ ತೆಂಗಿನೆಣ್ಣೆ ಹಚ್ಚಿದರೆ ವಾಸಿಯಾಗದ ಕಾಯಿಲೆ ಇಲ್ಲ. ತಲೆಗೆ ಎಣ್ಣೆ, ಹೊಟ್ಟೆನೋವಿಗೆ ಹೊಕ್ಕುಳಿಗೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಬೂಷ್ಟು ಹಿಡಿದ ಮರದ ಕುರ್ಚಿಗೆ ಎಣ್ಣೆ. ಅತ್ತೆ ನಮ್ಮನೆಯವರ ಬೆಲ್ಟಿಗೆ, ಚಪ್ಪಲಿಗೆ, ಆಲ್ಬಮ್ಮಿನ ರಟ್ಟಿಗೆ ಎಲ್ಲ ಹಚ್ಚಿ ಮುಗಿಸಿದ್ದರು. ಅವರ ಅಂಗೈಯಲ್ಲಿ ರಾಣಿ ಮಿರಿಮಿರಿ ಮಿಂಚುತ್ತಿದ್ದಳು.

“ಅಯ್ಯೋ ಅತ್ತೇ! ಎಂತ ಮಾಡಿದ್ರಿ?”

“ಎಂತ ಆತೆ? ಮೈಯೆಲ್ಲ ಕಂದು ಚುಕ್ಕೆ ಎದ್ದಿತ್ತು ಪಾಪ, ಮೇಲಿಂದ ಬೂಷ್ಟು ಬೇರೆ. ಒಂಚೂರೇ ಹಚ್ದೆ. ಈಗ ನೋಡು, ಹ್ಯಾಂಗೆ ಕಳೆ ಬಂತು!”

ನಾನು ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಂಗಡಿಯಿಂದ ಬಂದ ನಮ್ಮನೆಯವರು ಬಗ್ಗಿ ನೋಡಿ, “ಒಗ್ಗರಣೆ ಹಾಕೂದೊಂದು ಬಾಕಿ” ಎಂದರು. ಅವರಿಗೆ ಆ ದಿನ ಚಹಾ ಸಿಗಲಿಲ್ಲ. ನನ್ನ ಮುಖ ನೋಡಿ ಅತ್ತೆಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಎಣ್ಣೆ ಹೆಚ್ಚಾಯಿತೇನೋ ಎಂದುಕೊಂಡು ನಾನು ಒಳಗೆ ಹೋದಾಗ ಅದನ್ನು ಹೀರಲೆಂದು ರಾಣಿಗೆ ಮುಖದ ಪೌಡರು ಬಳಿದುಬಿಟ್ಟರು. ಎಣ್ಣೆ ತಿಕ್ಕಿ, ಪೌಡರು ಹಾಕಿ, ಇನ್ನು ಗಲ್ಲಕ್ಕೊಂದು ಕಾಡಿಗೆ ಬೊಟ್ಟು ಇಟ್ಟರೆ ಕೂಸು ಮಲಗಿಸುವ ಹಾಗೆ ಮಲಗಿಸಬಹುದಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಚೀಟಿ ಕೊಟ್ಟವರೂ ಅವರೇ, ಅದರ ರೋಗ ಕಂಡು ಮರುಗಿದವರೂ ಅವರೇ. ಎಣ್ಣೆಯ ಬಟ್ಟಲನ್ನು ಎತ್ತಿ ಒಳಗಿಟ್ಟೆ.

ಪ್ರದರ್ಶನದ ದಿನ ಹೋಗುವುದೇ ಬೇಡ ಎಂದುಕೊಂಡಿದ್ದೆ. ಆದರೆ ಅತ್ತೆ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತವರಿಗೆ ಹೊರಟವರನ್ನು ನಿಲ್ಲಿಸುವುದು ಹೇಗೆ? ನಮ್ಮನೆಯವರನ್ನೂ ಎಳೆದುಕೊಂಡು ಮೂವರೂ ಕುಮಟೆಯ ಬಸ್ಸು ಹತ್ತಿದೆವು. ಸಾಹೇಬರ ಎದುರು ಸುಳ್ಳು ನಡೆಯುವುದಿಲ್ಲ, ಒಮ್ಮೆ ಬೈಸಿಕೊಂಡು ಬಂದರೆ ಮನಸ್ಸಾದರೂ ಹಗುರಾಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಸಾಹೇಬರು ಚಿಮಟದಿಂದ ಚೀಟಿ ಎತ್ತಿದರು. ಬೆನ್ನು ನೋಡಿದರು. ಮುಖ ನೋಡಿದರು. ಆಮೇಲೆ ಮೂಗಿಗೆ ಹಿಡಿದರು.

“ಅಕ್ಕೋರೇ, ಇದು ಕೊಬ್ಬರಿ ಎಣ್ಣೆ ಅಲ್ವಾ?”

“ಹೌದು.”

“ಮತ್ತೆ ಈ ಮಲ್ಲಿಗೆ ವಾಸನೆ?”

“ಪೌಡರು.”

ಸಾಹೇಬರು ಚೀಟಿಯನ್ನು ಮೇಜಿನ ಮೇಲಿಟ್ಟು ಚಿಮಟ ಒರೆಸಿಕೊಂಡರು. ಆಮೇಲೆ ಒಬ್ಬ ಡಾಕ್ಟರು ಮನೆಯವರಿಗೆ ಹೇಳುವ ದನಿಯಲ್ಲಿ, ಎಣ್ಣೆ ಕಾಗದಕ್ಕೆ ಇಳಿದಿದೆ, ಬಣ್ಣ ಕಪ್ಪಾಗಿದೆ, ಇನ್ನು ಇದಕ್ಕೆ ಏನೂ ಮಾಡುವ ಹಾಗಿಲ್ಲ ಎಂದರು. ಕೊನೆಯ ಸಲ ನೋಡುವವರಂತೆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದವರು ಹಾಗೆಯೇ ನಿಂತರು. ಭೂತಗನ್ನಡಿ ತೆಗೆದರು. ಚೀಟಿಯನ್ನು ತಿರುಗಿಸಿ ಮತ್ತೆ ಹಿಡಿದರು.

“ಅರೆ! ಆನೆ ಕಾಣ್ತದೆ! ತಲೆಕೆಳಗಾಗಿದೆ!”

ನಾನೂ ಬಗ್ಗಿ ನೋಡಿದೆ. ಎಣ್ಣೆ ಕುಡಿದು ಪಾರದರ್ಶಕವಾದ ಕಾಗದದಲ್ಲಿ ರಾಣಿಯ ನೆರಳಿನ ಹಿಂದೆ ಆನೆಯ ತಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಸೊಂಡಿಲು ಮೇಲಕ್ಕೆ, ಕಿವಿಗಳು ಬುಡಕ್ಕೆ. ಅಚ್ಚು ಹಾಕುವಾಗ ಹಾಳೆಯನ್ನು ತಿರುಗಾಮುರುಗಾ ಇಟ್ಟಿದ್ದಾರೆ, ಇಂಥದ್ದು ಎಲ್ಲರಿಗೂ ಸಿಗುವುದಿಲ್ಲ, ಅದರ ಮೇಲೆ ಕುಮಟೆಯ ಶಿಕ್ಕೆ, ಹಲ್ಲು ಪೂರ್ತಿ ಎಂದು ಸಾಹೇಬರು ಹೇಳುತ್ತ ಹೋದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಜೇಬಿನಿಂದ ಅರ್ಧ ಹೊರಗೆ ತೆಗೆದಿದ್ದ ಔಷಧದ ಸಣ್ಣ ಬಾಟಲಿಯನ್ನು ಮೆಲ್ಲಗೆ ಒಳಗೆ ತಳ್ಳಿದರು. ಆ ಬಾಟಲಿಯನ್ನು ನಾನೂ ನೋಡಿದೆ. ಅಲ್ಲಿಯವರೆಗೆ ಒಂದು ಹಾಳಾದ ಚೀಟಿಯ ದುಃಖ ಮಾತ್ರ ಇತ್ತು, ಈಗ ಹಾಳಾದದ್ದು ಎಂಥದ್ದು ಎನ್ನುವ ದುಃಖವೂ ಸೇರಿತು.

“ಚೌಕಟ್ಟಿಗೆ ಆಗೂದಿಲ್ಲ ಅಲ್ವಾ?” ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

“ಒಳ್ಳೆ ಚೀಟಿಗಳ ಸಾಲಿಗೆ ಆಗೂದಿಲ್ಲ ಅಕ್ಕೋರೇ. ನಾನೇ ನಿಯಮ ಮುರಿದ್ರೆ ಹ್ಯಾಗೆ?” ಎಂದರು. ನಾನು ಚೀಟಿಗೆ ಕೈಚಾಚಿದೆ. ಅವರು ಕೊಡಲಿಲ್ಲ. ಗಡ್ಡ ನೀವಿಕೊಳ್ಳುತ್ತ, “ನಾನು ಪ್ರತಿ ವರ್ಷ ಈ ಜನಕ್ಕೆ ವಾಟರ್‌ಮಾರ್ಕ್ ಅಂತ ಭಾಷಣ ಬಿಗೀತೇನೆ. ಆನೆ ಉಂಟು, ನಕ್ಷತ್ರ ಉಂಟು ಅಂತೇನೆ. ಎಲ್ರೂ ಕಣ್ಣು ಕಿರಿದು ಮಾಡಿ ನೋಡ್ತಾರೆ, ಹೂಂ ಹೂಂ ಅಂತಾರೆ, ಒಬ್ರಿಗೂ ಕಾಣೂದಿಲ್ಲ. ನಾನು ಸುಳ್ಳು ಹೇಳ್ತೇನೆ ಅಂತ ಹಿಂದಿನಿಂದ ಮಾತಾಡ್ತಾರೆ” ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, “ಯಾರಾದ್ರೂ ಒಂದು ಬಲ್ಬು ತನ್ನಿ! ಬಿಸಿ ಆಗಬಾರ್ದು, ಎಣ್ಣೆ ಕರಗ್ತದೆ!” ಎಂದು ಕೂಗಿದರು.

ನಮ್ಮನೆಯವರು ಇಂಥ ಮಾತಿಗೇ ಇಷ್ಟು ದಿನ ಕಾಯುತ್ತಿದ್ದವರ ಹಾಗೆ ಪೇಟೆಗೆ ಓಡಿದರು. ಎಲ್‌ಇಡಿ ತಂದು ಚೌಕಟ್ಟಿನ ಹಿಂದೆ ಸಿಕ್ಕಿಸಿ, “ಮುಟ್ಟಿ ನೋಡಿ ಸಾಹೇಬ್ರೆ, ಬಿಸಿನೇ ಆಗೂದಿಲ್ಲ” ಎಂದು ನನ್ನ ಕಡೆ ನೋಡಿದರು. ಸಭಾಂಗಣದ ಬಾಗಿಲಲ್ಲೇ, ಬೇರೆ ಚೀಟಿಗಳಿಗಿಂತ ಮುಂದೆ, ಒಂದೇ ಒಂದು ಚೀಟಿಯ ಗಾಜಿನ ಚೌಕಟ್ಟು ಎದ್ದು ನಿಂತಿತು. ಸಾಹೇಬರು ಚೀಟಿಯ ಕೆಳಗೆ ಹಚ್ಚಲು ಕಾಗದ ತೆಗೆದು, “ಹೆಸರು ಹೇಳಿ ಅಕ್ಕೋರೇ” ಎಂದರು. ಎಷ್ಟು ವರ್ಷ ಕಾದ ಮಾತು ಅದು! ನನ್ನ ಹೆಸರು ತುದಿನಾಲಿಗೆಯಲ್ಲಿತ್ತು. ಮೊದಲು ಅತ್ತೆಯ ಹೆಸರು ಬರೆಯಿರಿ, ನನ್ನದು ಕೆಳಗಿರಲಿ ಎಂದೆ. ಹೇಳುವಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು. ಬರೆದು ಹಚ್ಚಿದ ಮೇಲೆ ಉರಿ ಆರಿ ಸಂತೋಷವೇ ಆಯಿತು.

ಆ ದಿನ ಚೆಂದದ ಚೀಟಿಗಳನ್ನು ನೋಡಿದವರು ಕಡಿಮೆ. ಎಲ್ಲರೂ ಆನೆಯ ಎದುರು ಸಾಲು ನಿಂತರು. ಆನೆ ತಲೆಕೆಳಗಿದ್ದದ್ದರಿಂದ ಕೆಲವರು ತಾವೇ ತಲೆ ಬಗ್ಗಿಸಿ, ಸೊಂಟ ಹಿಡಿದುಕೊಂಡು ನೋಡಿದರು. ಚೌಕಟ್ಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ ಬಂದವರಿಗೆಲ್ಲ ವಿವರಿಸುತ್ತಿದ್ದರು: “ಆನೆ ಮೊದ್ಲಿಂದ್ಲೂ ಒಳಗೇ ಇತ್ತು ಕಾಣಿ. ದೊಡ್ಡ ದೊಡ್ಡೋರು ನೋಡಿದ್ರೂ ಸಿಕ್ಲಿಲ್ಲ. ಒಂಚೂರು ಎಣ್ಣೆ ಹಚ್ದೆ, ಹೊರಗೆ ಬಂತು!” ತವರಿನವರೆಲ್ಲ ಬಂದು ಅವರ ಬೆನ್ನು ತಟ್ಟಿ ಹೋದರು. ನಾನು ಚೌಕಟ್ಟಿನ ಗಾಜಿಗೆ ಮೂಗು ತಾಗಿಸಿ ನನ್ನ ಹೆಸರು ಮತ್ತೆ ಮತ್ತೆ ಓದಿಕೊಂಡೆ. ಅವ್ವ ಇದ್ದಿದ್ದರೆ ಮೊದಲು ವಾಸನೆ ನೋಡುತ್ತಿದ್ದಳು ಎಂದು ನೆನಪಾಗಿ ನಗುವೂ ಬಂತು.

ಸಂಜೆ ಜನ ಕರಗಿದ ಮೇಲೆ ಸಾಹೇಬರು ತಮ್ಮ ಸ್ವಂತ ಆಲ್ಬಂ ತೆರೆದು ಅತ್ತೆಗೆ ತೋರಿಸಿದರು. ಜೀವಮಾನವಿಡೀ ಕೂಡಿಸಿದ್ದು, ಒಂದು ಕಲೆ ಇಲ್ಲ, ಒಂದು ಹಲ್ಲು ಮುರಿದಿಲ್ಲ. ಅತ್ತೆ ಒಂದೊಂದೇ ಪುಟ ತಿರುವಿ ಮರುಕದಿಂದ ಲೊಚಗುಟ್ಟಿದರು. ಆಮೇಲೆ ಕೈಚೀಲದೊಳಗೆ ಕೈಹಾಕಿ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಮನೆಯಲ್ಲಿ ಗಾಣಕ್ಕೆ ಕೊಟ್ಟು ತೆಗೆಸಿದ್ದು ಸಾಹೇಬ್ರೆ, ಅಂಗಡಿದಲ್ಲ. ನಿಮ್ಮ ಪುಸ್ತಕದೊಳಗೆ ಇನ್ನೆಷ್ಟು ಆನೆ ಅಡಗಿ ಕೂತಿದ್ವೋ ಎಂತೋ. ಇಲ್ಲಿ ಕೊಡಿ, ಒಂದೊಂದೇ ಹೊರಗೆ ತೆಗೀತೆ.”

ಸಾಹೇಬರು ಎರಡೂ ಕೈಯಲ್ಲಿ ಆಲ್ಬಮ್ಮನ್ನು ಎದೆಗೆ ಅವುಚಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಆನಿಕೊಂಡರು. ನಮ್ಮನೆಯವರು ಬಂದು ಬಾಟಲಿ ಇಸಿದುಕೊಳ್ಳುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.